ಬ್ರುನೆಲೆಸ್ಕಿ: ಮೊಟ್ಟೆಯ ಕತೆಯೂ ಲೆಕ್ಕದ ಪುಸ್ತಕವೂ

ಫ್ಲಾರೆನ್ಸ್ ನಗರದ ಯಾವ ಚಿತ್ರ ನೋಡಿದರೂ ಮೊದಲು ಕಣ್ಣಿಗೆ ಬೀಳುವುದು ಕೆಂಪು ಹೆಂಚು ಹೊದ್ದ ದೊಡ್ಡ ಗುಮ್ಮಟ. ಸಾಂತಾ ಮರಿಯಾ ದೆಲ್ ಫಿಯೊರೆ ಎಂಬ ಪ್ರಧಾನ ಚರ್ಚಿನ ಮೇಲೆ ಅದನ್ನು ಕಟ್ಟಿ ನಿಲ್ಲಿಸಿದವನು ಫಿಲಿಪ್ಪೊ ಬ್ರುನೆಲೆಸ್ಕಿ (1377–1446). ಯುರೋಪಿನ ಪುನರುಜ್ಜೀವನ ಕಾಲದ ವಾಸ್ತುಶಿಲ್ಪ ಇವನಿಂದಲೇ ಶುರುವಾಯಿತು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಆ ಮಾತನ್ನು ಹಿಡಿದು ಹಬ್ಬಿರುವ ಕತೆಗಳು ಮಾತ್ರ ಹತ್ತಾರು.

ಇವನ ಬಗ್ಗೆ ನಮಗೆ ಗೊತ್ತಿರುವುದು ಎರಡು ದಾರಿಗಳಿಂದ ಬಂದಿದೆ. ಒಂದು, ಜೀವನಚರಿತ್ರೆಗಳು. ಎಳೆಯ ವಯಸ್ಸಿನಲ್ಲಿ ಇವನನ್ನು ಕಂಡಿದ್ದ ಅಂತೋನಿಯೊ ಮನೆಟ್ಟಿ 1480ರ ದಶಕದಲ್ಲಿ ಒಂದನ್ನು ಬರೆದ. ಜಾರ್ಜೊ ವಸಾರಿ 1550ರಲ್ಲಿ, ಅಂದರೆ ನಾಯಕ ಸತ್ತು ನೂರು ವರ್ಷ ಕಳೆದ ಮೇಲೆ, ಇನ್ನೊಂದನ್ನು ಪ್ರಕಟಿಸಿದ. ಇಬ್ಬರೂ ಇವನ ಭಕ್ತರು. ಎರಡನೆಯ ದಾರಿ, ಚರ್ಚಿನ ಕಟ್ಟಡ ಮಂಡಳಿಯಾದ ಒಪೆರಾ ದೆಲ್ ದುವೊಮೊ ಇಟ್ಟ ಲೆಕ್ಕದ ಪುಸ್ತಕಗಳು ಮತ್ತು ನಡಾವಳಿಗಳು: ಯಾರಿಗೆ ಎಷ್ಟು ಸಂಬಳ, ಯಾವ ಮರ ಎಲ್ಲಿಂದ ಬಂತು, ಹಗ್ಗಕ್ಕೆ ಎಷ್ಟು ಖರ್ಚಾಯಿತು. ಜನ ಓದುವುದು ಮೊದಲನೆಯದನ್ನು. ಎರಡನೆಯದರಲ್ಲಿ ಸಿಗುವ ಮನುಷ್ಯ ಇನ್ನೂ ದೊಡ್ಡವನು ಎಂಬುದು ನನ್ನ ನಂಬಿಕೆ.

ತಪ್ಪು ಕಲ್ಪನೆ: ಅವನು ಕಟ್ಟಡ ವಿದ್ಯೆಯನ್ನೇ ಕಲಿತು ಬಂದ ವಾಸ್ತುಶಿಲ್ಪಿ

ವಾಸ್ತವ: ಅವನು ಅಕ್ಕಸಾಲಿ. ತಂದೆ ಸೆರ್ ಬ್ರುನೆಲೆಸ್ಕೊ ನೋಟರಿ, ಅಂದರೆ ಕರಾರುಪತ್ರ ಬರೆದುಕೊಡುವ ಕಾನೂನು ಬಲ್ಲ ಮನುಷ್ಯ. ಮಗನೂ ಲೇಖನಿ ಹಿಡಿದೇ ಬದುಕಬಹುದಿತ್ತು. ಹುಡುಗ ಹಿಡಿದದ್ದು ಚಿನ್ನ ಬೆಳ್ಳಿಯ ಕೆಲಸವನ್ನು. ಆಗ ಫ್ಲಾರೆನ್ಸಿನ ಅಕ್ಕಸಾಲಿಗಳು ರೇಷ್ಮೆ ವ್ಯಾಪಾರಿಗಳ ಸಂಘದೊಳಗೆ ಸೇರುತ್ತಿದ್ದರು. 1398ರಲ್ಲಿ ಅವನು ಆ ಸಂಘಕ್ಕೆ ಸೇರಿದ. ಅಲ್ಲಿಂದ ಒಂದೆರಡು ವರ್ಷದಲ್ಲಿ ಪಿಸ್ತೋಯಾ ಊರಿನ ಚರ್ಚಿಗೆ ಬೆಳ್ಳಿಯ ಪೂಜಾಪೀಠದ ಮೇಲೆ ಪ್ರವಾದಿಗಳ ಸಣ್ಣ ಮೂರ್ತಿಗಳನ್ನು ಮಾಡಿಕೊಟ್ಟ. ಅವು ಇವತ್ತಿಗೂ ಇವೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಲೋಹ ಕಾಯಿಸುವುದು, ಅಚ್ಚು ಮಾಡುವುದು, ಎರಕ ಹೊಯ್ಯುವುದು, ಚಿಕ್ಕ ಹಲ್ಲಿನ ಚಕ್ರಗಳನ್ನು ಒಂದಕ್ಕೊಂದು ಕೂರಿಸುವುದು, ಇವೆಲ್ಲ ಅಕ್ಕಸಾಲಿಯ ಅಂಗಡಿಯಲ್ಲಿ ಕೈಗೆ ಬರುವ ವಿದ್ಯೆಗಳು. ಅವನು ಗಡಿಯಾರಗಳನ್ನೂ ಮಾಡಿದ್ದನೆಂದು ಮನೆಟ್ಟಿ ಬರೆಯುತ್ತಾನೆ. ಮುಂದೆ ಗುಮ್ಮಟದ ನೆತ್ತಿಗೆ ಕಲ್ಲೆತ್ತುವ ಯಂತ್ರಗಳನ್ನು ಕಟ್ಟಿದ್ದು ಇದೇ ಕೈ.

ತಪ್ಪು ಕಲ್ಪನೆ: 1401ರ ಸ್ಪರ್ಧೆಯಲ್ಲಿ ಸೋತು, ಆ ಸಿಟ್ಟಿಗೆ ಶಿಲ್ಪವನ್ನೇ ಬಿಟ್ಟ

ವಾಸ್ತವ: ಚರ್ಚಿನ ಎದುರಿರುವ ದೀಕ್ಷಾಸ್ನಾನ ಮಂದಿರಕ್ಕೆ ಕಂಚಿನ ಬಾಗಿಲು ಮಾಡಿಸಲು ಬಟ್ಟೆ ವ್ಯಾಪಾರಿಗಳ ಸಂಘ 1401ರಲ್ಲಿ ಸ್ಪರ್ಧೆ ಕರೆಯಿತು. ವಿಷಯ ಒಂದೇ: ಅಬ್ರಹಾಮನು ಮಗ ಐಸಾಕನನ್ನು ಬಲಿ ಕೊಡಲು ಕತ್ತಿಯೆತ್ತಿದ ಗಳಿಗೆ. ಕಣದಲ್ಲಿ ಉಳಿದವರು ಏಳು ಮಂದಿ. ಕೊನೆಗೆ ಮಾತು ನಿಂತದ್ದು ಬ್ರುನೆಲೆಸ್ಕಿ ಮತ್ತು ಲೊರೆಂಜೊ ಗಿಬರ್ಟಿ ಎಂಬ ಇಬ್ಬರು ಯುವಕರ ಮೇಲೆ. ಕೆಲಸ ಗಿಬರ್ಟಿಗೆ ಹೋಯಿತು.

ಸೋಲು ನಿಜವೇ? ಗಿಬರ್ಟಿ ತನ್ನ ಬರಹದಲ್ಲಿ, ಒಬ್ಬರೂ ತಪ್ಪದೆ ಎಲ್ಲರೂ ನನ್ನನ್ನೇ ಆರಿಸಿದರು ಎನ್ನುತ್ತಾನೆ. ಮನೆಟ್ಟಿ ಹೇಳುವುದೇ ಬೇರೆ: ತೀರ್ಪುಗಾರರು ಇಬ್ಬರೂ ಸೇರಿ ಮಾಡಿ ಎಂದರು, ಬ್ರುನೆಲೆಸ್ಕಿ ಒಪ್ಪಲಿಲ್ಲ. ಇಬ್ಬರ ಮಾತಿನಲ್ಲೂ ತಮ್ಮ ಪಕ್ಷದ ಬಣ್ಣವಿದೆ. ನಮ್ಮ ಪುಣ್ಯಕ್ಕೆ ಎರಡೂ ಫಲಕಗಳು ಉಳಿದಿವೆ, ಫ್ಲಾರೆನ್ಸಿನ ಬಾರ್ಜೆಲ್ಲೊ ಸಂಗ್ರಹಾಲಯದಲ್ಲಿ. ಬ್ರುನೆಲೆಸ್ಕಿಯ ಅಬ್ರಹಾಮ ಮಗನ ಗಂಟಲು ಹಿಡಿದಿದ್ದಾನೆ, ಕತ್ತಿ ಕೊರಳಿಗೆ ತಾಗುವಷ್ಟರಲ್ಲಿ ದೇವದೂತ ಬಂದು ಅವನ ಮಣಿಕಟ್ಟನ್ನೇ ಹಿಡಿಯುತ್ತಾನೆ. ನೋಡುವವರ ಉಸಿರು ಸಿಕ್ಕಿಕೊಳ್ಳುವ ಚಿತ್ರ. ಗಿಬರ್ಟಿಯ ಫಲಕದಲ್ಲಿ ನಯವಿದೆ, ಐಸಾಕನ ಬರಿಮೈ ಪ್ರಾಚೀನ ರೋಮನ್ ಶಿಲ್ಪದಷ್ಟು ಚೆಲುವಾಗಿದೆ. ಭಾವದ ವೇಗದಲ್ಲಿ ನನ್ನ ಮತ ಬ್ರುನೆಲೆಸ್ಕಿಗೆ. ಎರಕದ ಲೆಕ್ಕದಲ್ಲಿ ಗಿಬರ್ಟಿ ಮುಂದೆ. ಅವನು ಬಹುಭಾಗವನ್ನು ಒಂದೇ ಎರಕದಲ್ಲಿ, ಒಳಗೆ ಪೊಳ್ಳು ಬಿಟ್ಟು ಹೊಯ್ದ. ಬ್ರುನೆಲೆಸ್ಕಿ ಆಕೃತಿಗಳನ್ನು ಬಿಡಿಬಿಡಿಯಾಗಿ ಹೊಯ್ದು ಹಲಗೆಗೆ ಕೂಡಿಸಿದ. ಗಿಬರ್ಟಿಯ ಫಲಕ ಸುಮಾರು 7 ಕಿಲೊ ಹಗುರ. ಒಂದು ಬಾಗಿಲಿಗೆ 28 ಫಲಕ ಬೇಕಿದ್ದಾಗ ಉಳಿಯುವ ಕಂಚನ್ನು ವ್ಯಾಪಾರಿಗಳ ಸಂಘ ಲೆಕ್ಕ ಹಾಕದೆ ಇದ್ದೀತೆ?

ಇನ್ನು ಶಿಲ್ಪ ಬಿಟ್ಟನೆಂಬ ಮಾತು. 1404ರಲ್ಲಿ ಅವನ ಹೆಸರು ಮಾಸ್ಟರ್ ಅಕ್ಕಸಾಲಿಯಾಗಿ ದಾಖಲಾಗಿದೆ. 1415ರ ಹೊತ್ತಿಗೆ ಅವನೂ ಶಿಲ್ಪಿ ಡೊನಾಟೆಲ್ಲೊವೂ ಸೇರಿ ಚರ್ಚಿನ ಹೊರಗೋಡೆಗೆ ಚಿನ್ನದ ಮುಲಾಮಿನ ಸೀಸ ಹೊದಿಸಿದ ಒಂದು ಕಲ್ಲಿನ ಮೂರ್ತಿಯನ್ನು ಮಾದರಿಗಾಗಿ ಮಾಡಲು ಹೊರಟದ್ದು ಒಪೆರಾದ ದಾಖಲೆಯಲ್ಲಿದೆ. ಸಾಂತಾ ಮರಿಯಾ ನೊವೆಲ್ಲಾ ಚರ್ಚಿನಲ್ಲಿರುವ ಬಣ್ಣ ಬಳಿದ ಮರದ ಶಿಲುಬೆಯ ಕ್ರಿಸ್ತ ಕೂಡ ಈ ಸ್ಪರ್ಧೆಯಾದ ಮೇಲಿನ ಕೆಲಸವೇ. ದೇಹದ ಪ್ರಮಾಣವನ್ನು ಅಷ್ಟು ಅಳೆದು ತೂಗಿ ಕೆತ್ತಿದ ಶಿಲುಬೆ ಆ ಕಾಲದಲ್ಲಿ ಮತ್ತೊಂದು ಸಿಗುವುದು ಕಷ್ಟ. ಶಿಲ್ಪದಿಂದ ಕಟ್ಟಡಕ್ಕೆ ಅವನು ಸರಿದದ್ದು ನಿಧಾನವಾಗಿ, ಒಂದರ ಪಕ್ಕದಲ್ಲಿ ಇನ್ನೊಂದನ್ನು ಮಾಡುತ್ತ.

ತಪ್ಪು ಕಲ್ಪನೆ: ಸೋತ ಕೂಡಲೇ ಡೊನಾಟೆಲ್ಲೊ ಜೊತೆ ರೋಮಿಗೆ ಹೋಗಿ, ಅಲ್ಲಿನ ಪಾಳುಕಟ್ಟಡಗಳಿಂದ ಎಲ್ಲವನ್ನೂ ಕಲಿತುಬಂದ

ವಾಸ್ತವ: ಇಬ್ಬರು ಗೆಳೆಯರು ರೋಮಿನಲ್ಲಿ ಗೋಡೆಗಳ ಬುಡ ಅಗೆದು ಅಳತೆ ತೆಗೆಯುವುದು, ಇವರು ನಿಧಿ ಹುಡುಕುವವರೆಂದು ಊರವರು ಅಂದುಕೊಳ್ಳುವುದು, ಇದೆಲ್ಲ ಮನೆಟ್ಟಿ ಹೇಳಿದ ಕತೆ. ರೋಮನ್ನರ ಕಟ್ಟಡವನ್ನು ಅವನು ಅಭ್ಯಾಸ ಮಾಡಿದ್ದನೆಂಬುದನ್ನು ಅವನ ಕಂಬಗಳೇ ಹೇಳುತ್ತವೆ. ಆದರೆ 1404ರಿಂದ 1407ರವರೆಗೆ ಡೊನಾಟೆಲ್ಲೊ ಇನ್ನೂ ಹುಡುಗ, ಗಿಬರ್ಟಿಯ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ. 1404ರಲ್ಲಿ ಬ್ರುನೆಲೆಸ್ಕಿಯೂ ಫ್ಲಾರೆನ್ಸಿನಲ್ಲಿ ಚರ್ಚಿನ ಸಲಹಾ ಸಮಿತಿಯಲ್ಲಿ ಕೂತಿದ್ದ. ಅವನ ದುಂಡು ಕಮಾನು, ತೆಳು ಕಂಬ, ಬಿಳಿ ಗೋಡೆಯ ಮೇಲೆ ಬೂದುಗಲ್ಲಿನ ಗೆರೆ, ಇವುಗಳಿಗೆ ರೋಮಿನಷ್ಟೇ ಹತ್ತಿರದ ಗುರುಗಳು ಊರಲ್ಲೇ ಇದ್ದರು: ದೀಕ್ಷಾಸ್ನಾನ ಮಂದಿರ, ಸಾನ್ ಮಿನಿಯಾತೊ, ಸಾಂತಿ ಅಪೊಸ್ತೊಲಿ. ಇವು ಅವನು ಹುಟ್ಟುವ ಮುನ್ನೂರು ವರ್ಷ ಮೊದಲಿನ ಕಟ್ಟಡಗಳು.

ತಪ್ಪು ಕಲ್ಪನೆ: ಮೊಟ್ಟೆಯನ್ನು ನೆಟ್ಟಗೆ ನಿಲ್ಲಿಸಿ ತೋರಿಸಿ ಗುಮ್ಮಟದ ಕೆಲಸ ಗೆದ್ದ

ವಾಸ್ತವ: ಇದು ವಸಾರಿಯ ಕತೆ. ತುದಿ ಕುಟ್ಟಿ ಮೊಟ್ಟೆ ನಿಲ್ಲಿಸಿದ ಇದೇ ಕತೆಯನ್ನು ಕೆಲವೇ ವರ್ಷಗಳ ನಂತರ ಕೊಲಂಬಸನ ಹೆಸರಿನಲ್ಲೂ ಅಚ್ಚು ಹಾಕಿದರು. ದಾಖಲೆಯಲ್ಲಿ ಇರುವುದು ಹೀಗೆ: 1418ರ ಆಗಸ್ಟ್ 19ರಂದು ಒಪೆರಾ ಸ್ಪರ್ಧೆ ಸಾರಿತು, ಬಹುಮಾನ 200 ಫ್ಲೋರಿನ್. ಬ್ರುನೆಲೆಸ್ಕಿ ಇಟ್ಟಿಗೆಯಲ್ಲಿ ದೊಡ್ಡದೊಂದು ಮಾದರಿ ಕಟ್ಟಿದ. ಅದಕ್ಕೆ ಡೊನಾಟೆಲ್ಲೊ ಮತ್ತು ನಾನ್ನಿ ದಿ ಬಾಂಕೊ ಕೈಜೋಡಿಸಿದರು. ಸೆಂಟ್ರಿಂಗ್, ಅಂದರೆ ಕಟ್ಟುವಾಗ ಅಡಿಯಿಂದ ಭಾರ ಹೊರುವ ಮರದ ಅಚ್ಚು, ಇಲ್ಲದೆ ಗುಮ್ಮಟ ನಿಲ್ಲುತ್ತದೆ ಎಂಬುದನ್ನು ಅವನು ತೋರಿಸಿದ್ದು ಆ ಮಾದರಿಯಲ್ಲಿ. ಆಮೇಲೂ ಒಂದೂವರೆ ವರ್ಷದಷ್ಟು ಚರ್ಚೆ ನಡೆಯಿತು.

ತಪ್ಪು ಕಲ್ಪನೆ: ಗುಮ್ಮಟದ ಕಲ್ಪನೆಯೇ ಅವನದು, ಅದು ರೋಮಿನ ಪ್ಯಾಂಥಿಯನ್ನಿನ ನಕಲು

ವಾಸ್ತವ: ಒಂದೇ ವಾಕ್ಯದಲ್ಲಿ ಎರಡು ತಪ್ಪು. ಚರ್ಚಿನ ಕೆಲಸ 1296ರಲ್ಲಿ ಅರ್ನೋಲ್ಫೊ ದಿ ಕಾಂಬಿಯೊ ಕೈಯಲ್ಲಿ ಶುರುವಾಗಿತ್ತು. ಎಂಟು ಮುಖದ, ಮೇಲಕ್ಕೆ ಮೊನಚಾಗುವ, ಹೊರಗಿನಿಂದ ಆನಿಕೆಗೋಡೆಗಳಿಲ್ಲದ ಗುಮ್ಮಟ ಬೇಕೆಂದು ಊರವರು ತೀರ್ಮಾನಿಸಿದ್ದು 1367ರಲ್ಲಿ, ನೇರಿ ದಿ ಫಿಯೊರವಂತೆಯ ಮಾದರಿ ನೋಡಿ. ಬ್ರುನೆಲೆಸ್ಕಿ ಹುಟ್ಟಲು ಇನ್ನೂ ಹತ್ತು ವರ್ಷವಿತ್ತು. ಆ ಮಾದರಿಯನ್ನು ಚರ್ಚಿನೊಳಗೇ ಇಟ್ಟಿದ್ದರು. ಮೇಲ್ವಿಚಾರಕರು ಅದಕ್ಕೆ ಬದ್ಧರಾಗಿರುವುದಾಗಿ ಪ್ರಮಾಣ ಮಾಡುತ್ತಿದ್ದರು. ಗುಮ್ಮಟ ಕೂರಬೇಕಾದ ಎಂಟು ಮುಖದ ಕಂಠವೂ ಅವನಿಗಿಂತ ಮೊದಲೇ ಎದ್ದು ನಿಂತಿತ್ತು: 50 ಮೀಟರಿಗೂ ಎತ್ತರದಲ್ಲಿ, 40 ಮೀಟರಿಗೂ ಮಿಕ್ಕಿದ ಅಗಲದ ಬಾಯಿ ತೆರೆದುಕೊಂಡು. ಅದನ್ನು ಮುಚ್ಚುವ ದಾರಿ ಗೊತ್ತಿಲ್ಲದೆಯೇ ಒಂದು ಊರು ಎರಡು ತಲೆಮಾರು ಗೋಡೆ ಏರಿಸುತ್ತ ಹೋಯಿತು. ಆ ಧೈರ್ಯವನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಪ್ಯಾಂಥಿಯನ್ ದುಂಡಗಿನ ಅರ್ಧಗೋಳ, ಕಾಂಕ್ರೀಟಿನದು, ಅಡಿಯಲ್ಲಿ ಸೆಂಟ್ರಿಂಗ್ ಕಟ್ಟಿ ಸುರಿದದ್ದು. ಇಲ್ಲಿ ಎಂಟು ಮೂಲೆ, ಇಟ್ಟಿಗೆ, ಮೊನಚು ರೇಖೆ, ಒಳಗೊಂದು ಹೊರಗೊಂದು ಎರಡು ಚಿಪ್ಪು. ಹೋಲುವುದು ಅಗಲವೊಂದೇ.

ತಪ್ಪು ಕಲ್ಪನೆ: ಸಾರುವೆಯೇ ಇಲ್ಲದೆ ಕಟ್ಟಿದ, ಗುಟ್ಟು ಮೀನಿನ ಮುಳ್ಳಿನ ಇಟ್ಟಿಗೆ ಜೋಡಣೆಯಲ್ಲಿದೆ

ವಾಸ್ತವ: ಸಾರುವೆ ಬೇರೆ, ಸೆಂಟ್ರಿಂಗ್ ಬೇರೆ. ಕೆಲಸಗಾರರು ನಿಲ್ಲುವುದಕ್ಕೆ ಸಾರುವೆ. ಕಮಾನು ಗಟ್ಟಿಯಾಗುವ ತನಕ ಅದರ ಭಾರ ಹೊರುವುದಕ್ಕೆ ಸೆಂಟ್ರಿಂಗ್. ಬ್ರುನೆಲೆಸ್ಕಿ ಬಿಟ್ಟದ್ದು ಎರಡನೆಯದನ್ನು. ಅಷ್ಟು ಅಗಲ, ಅಷ್ಟು ಎತ್ತರಕ್ಕೆ ಮರದ ಅಚ್ಚು ನಿಲ್ಲಿಸಬೇಕಾದರೆ ಒಂದು ಕಾಡೇ ಬೇಕು. ನಿಲ್ಲಿಸಿದರೂ ತನ್ನ ಭಾರಕ್ಕೆ ತಾನೇ ಕುಗ್ಗೀತು. ಸಾರುವೆಯಂತೂ ಇತ್ತು. ಗೋಡೆಯಿಂದಲೇ ಹೊರಚಾಚಿದ ಮರದ ಅಟ್ಟಣೆಗಳು ಕೆಲಸದ ಜೊತೆಜೊತೆಗೆ ಮೇಲೇರುತ್ತಿದ್ದವು. ಕೆಳಗಿನ ಪಾತಾಳ ಕಾಣದಂತೆ ಅಂಚಿಗೆ ತಡೆ ಕಟ್ಟಿದ್ದರು. ಮೇಲೆ ಕುಡಿಯುವ ದ್ರಾಕ್ಷಾರಸಕ್ಕೆ ಮೂರರಲ್ಲೊಂದು ಪಾಲು ನೀರು ಬೆರೆಸಬೇಕೆಂಬ ನಿಯಮವೂ ಇತ್ತು.

ಹಾಗಾದರೆ ನಿಂತದ್ದು ಹೇಗೆ? ಸುತ್ತಿನ ಮೇಲೆ ಸುತ್ತು ಕಟ್ಟುತ್ತ ಹೋದದ್ದರಿಂದ. ಯಾವುದೇ ವರ್ತುಲ ಪೂರ್ತಿ ಕೂಡಿಕೊಂಡ ಮೇಲೆ ಒಳಕ್ಕೆ ಬೀಳುವುದಿಲ್ಲ. ಪ್ರತಿಯೊಂದು ಇಟ್ಟಿಗೆಯೂ ಪಕ್ಕದ್ದನ್ನು ಒತ್ತಿ ಹಿಡಿಯುತ್ತದೆ. ಆದರೆ ಇಲ್ಲಿರುವುದು ಎಂಟು ಮೂಲೆ. ಮೂಲೆ ಇರುವಲ್ಲಿ ವರ್ತುಲ ಎಲ್ಲಿಂದ ಬರಬೇಕು? ಉತ್ತರ ಗೋಡೆಯ ದಪ್ಪದಲ್ಲಿದೆ. ಒಳಚಿಪ್ಪು ಬುಡದಲ್ಲಿ 2 ಮೀಟರಿಗೂ ದಪ್ಪ. ಆ ದಪ್ಪದೊಳಗೆ ಕಣ್ಣಿಗೆ ಕಾಣದ ಒಂದು ದುಂಡು ಉಂಗುರ ಅಡಗಿ ಕೂರುತ್ತದೆ. ಅದನ್ನು ಕಾಯ್ದುಕೊಳ್ಳುವುದಕ್ಕಾಗಿ ಇಟ್ಟಿಗೆಯ ಸಾಲುಗಳನ್ನು ನೆಲಕ್ಕೆ ಮಟ್ಟವಾಗಿ ಇಡಲಿಲ್ಲ. ಪ್ರತಿ ಮುಖದಲ್ಲೂ ಮೂಲೆಯಿಂದ ಮೂಲೆಗೆ ಸಡಿಲವಾಗಿ ಕಟ್ಟಿದ ದಾರದಂತೆ ಸಾಲು ನಡುವೆ ತಗ್ಗಿ ಹೋಗುತ್ತದೆ.

ಮೇಲೆ ಹೋದಂತೆ ಗೋಡೆ ಒಳಕ್ಕೆ ವಾಲುತ್ತದೆ. ಸುತ್ತು ಪೂರ್ತಿಯಾಗುವ ಮುಂಚೆ, ಗಾರೆ ಹಸಿಯಿರುವಾಗ, ಇಟ್ಟಿಗೆ ಜಾರಿಬಿಡಬಹುದು. ಮೀನಿನ ಮುಳ್ಳಿನ ಜೋಡಣೆ ಇದಕ್ಕಾಗಿ. ಮಲಗಿಸಿದ ಇಟ್ಟಿಗೆಗಳ ನಡುನಡುವೆ ಒಂದೊಂದನ್ನು ನಿಲ್ಲಿಸಿ ಇಟ್ಟರೆ, ಆ ನಿಂತ ಇಟ್ಟಿಗೆ ಕೆಳಗಿನ ಗಟ್ಟಿಯಾದ ಸಾಲಿಗೆ ಕಚ್ಚಿಕೊಂಡು, ಮಲಗಿದವನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುತ್ತದೆ. ಕಟ್ಟುವಾಗಿನ ಆಸರೆ ಅದು. ಇಂಥ ಜೋಡಣೆ ಇರಾನಿನ ಕಟ್ಟಡಗಳಲ್ಲಿ ಇವನಿಗಿಂತ ಮೊದಲೇ ಇತ್ತು.

ಇವುಗಳ ಜೊತೆಗೆ ಎಂಟು ಮೂಲೆಗಳಲ್ಲಿ ಎಂಟು, ಮುಖಕ್ಕೆ ಎರಡರಂತೆ ಹದಿನಾರು, ಒಟ್ಟು 24 ಪಕ್ಕೆಲುಬುಗಳು ಎರಡು ಚಿಪ್ಪುಗಳನ್ನು ಕೂಡಿಸುತ್ತವೆ. ಗುಮ್ಮಟ ತನ್ನ ಭಾರಕ್ಕೆ ಹೊರಕ್ಕೆ ಬಿರಿಯದಂತೆ ಕಲ್ಲಿನ ತೊಲೆಗಳನ್ನು ಕಬ್ಬಿಣದಿಂದ ಬಿಗಿದ ಸರಪಳಿಗಳೂ, ಚೆಸ್ಟ್‌ನಟ್ ಮರದ ತೊಲೆಗಳ ಒಂದು ಸುತ್ತೂ ಅದನ್ನು ಗಾಡಿಯ ಚಕ್ರಕ್ಕೆ ಹಾಕಿದ ಕಬ್ಬಿಣದ ಪಟ್ಟಿಯ ಹಾಗೆ ಹಿಡಿದಿವೆ. ಬುಡದಲ್ಲಿ ಕಲ್ಲು, ಮೇಲೆ ಹಗುರವಾದ ಇಟ್ಟಿಗೆ. ಒಂದೇ ಒಂದು ಗುಟ್ಟು ಎಂಬುದು ಇಲ್ಲಿ ಇಲ್ಲ. ಐದಾರು ಉಪಾಯಗಳು ಒಂದಕ್ಕೊಂದು ಹೆಗಲು ಕೊಟ್ಟಿವೆ.

ಬಿರುಕೇ ಬಿಟ್ಟಿಲ್ಲ ಎನ್ನುವವರೂ ಇದ್ದಾರೆ. ಬಿಟ್ಟಿದೆ. ನಾಲ್ಕು ದೊಡ್ಡ ಕಂಬಗಳ ಮೇಲೆ ಬರುವ ಮುಖಗಳಲ್ಲಿ ಉದ್ದನೆಯ ಬಿರುಕುಗಳಿವೆ. 1690ರ ದಶಕದಲ್ಲೇ ಕಬ್ಬಿಣದ ಪಟ್ಟಿ ಬಿಗಿಯಬೇಕೆಂಬ ಸಲಹೆ ಬಂದು, ಕೊನೆಗೆ ಕೈಬಿಟ್ಟರು. 1980ರ ದಶಕದಿಂದ ಉಪಕರಣಗಳನ್ನು ಕೂರಿಸಿ ಅವುಗಳ ಚಲನೆಯನ್ನು ಅಳೆಯುತ್ತಿದ್ದಾರೆ.

ತಪ್ಪು ಕಲ್ಪನೆ: ಮೊದಲ ದಿನದಿಂದಲೇ ಇಡೀ ಯೋಜನೆ ಅವನ ತಲೆಯಲ್ಲಿತ್ತು, ಒಬ್ಬನೇ ಎಲ್ಲವನ್ನೂ ಮಾಡಿದ

ವಾಸ್ತವ: ನನಗೆ ಬಹಳ ಪ್ರಿಯವಾದ ದಾಖಲೆ ಇರುವುದು ಇಲ್ಲಿ. 1420ರ ಕೆಲಸದ ವಿವರಪಟ್ಟಿಯಲ್ಲಿ ಚಿಪ್ಪಿನ ದಪ್ಪ, ಸರಪಳಿ, ಪಕ್ಕೆಲುಬು ಎಲ್ಲವನ್ನೂ ಬರೆದು, 30 ಬ್ರಾಚ್ಚಾ, ಅಂದರೆ ಸುಮಾರು 17 ಮೀಟರ್ ದಾಟಿದ ಮೇಲೆ ಹೇಗೆಂಬುದನ್ನು ಆಗ ಕಟ್ಟುವ ಮೇಸ್ತ್ರಿಗಳ ಸಲಹೆಯಂತೆ ನೋಡಿಕೊಳ್ಳುವುದು, ಕಟ್ಟುತ್ತ ಹೋದಂತೆ ಅನುಭವವೇ ಕಲಿಸುತ್ತದೆ ಎಂಬ ಅರ್ಥದ ಮಾತು ಸೇರಿಸಿದ್ದಾರೆ. ಗೊತ್ತಿಲ್ಲದ್ದನ್ನು ಕರಾರಿನಲ್ಲೇ ಗೊತ್ತಿಲ್ಲವೆಂದು ಬರೆಯುವ ಪ್ರಾಮಾಣಿಕತೆ ಎಷ್ಟು ಗುತ್ತಿಗೆಗಳಲ್ಲಿ ಕಂಡೀತು?

ಆ ವರ್ಷ ಮೇಲ್ವಿಚಾರಕರಾಗಿ ನೇಮಕವಾದವರು ಮೂವರು: ಬ್ರುನೆಲೆಸ್ಕಿ, ಗಿಬರ್ಟಿ, ಮತ್ತು ಒಪೆರಾದ ಮುಖ್ಯ ಮೇಸ್ತ್ರಿ ಬತ್ತಿಸ್ತಾ ದಾಂತೋನಿಯೊ. ಸಂಬಳ ಸಮ, ತಿಂಗಳಿಗೆ 3 ಫ್ಲೋರಿನ್. ಬ್ರುನೆಲೆಸ್ಕಿ ಕಾಯಿಲೆಯ ನೆಪ ಹೂಡಿ ಮಲಗಿ, ಗಿಬರ್ಟಿಗೆ ಏನೂ ಬರುವುದಿಲ್ಲವೆಂದು ಬಯಲು ಮಾಡಿದ ಕತೆಯನ್ನು ಎಲ್ಲರೂ ಹೇಳುತ್ತಾರೆ. ಲೆಕ್ಕದ ಪುಸ್ತಕ ಹೇಳುವುದು ಇನ್ನೂ ಸ್ಪಷ್ಟವಾಗಿದೆ: 1426ರಲ್ಲಿ ಬ್ರುನೆಲೆಸ್ಕಿಯ ಸಂಬಳ ವರ್ಷಕ್ಕೆ 100 ಫ್ಲೋರಿನ್ ಆಯಿತು, ಪೂರ್ತಿ ಹೊತ್ತು ಅಲ್ಲೇ ಇರಬೇಕೆಂಬ ಷರತ್ತಿನ ಮೇಲೆ. ಗಿಬರ್ಟಿ ಹಳೆಯ ಸಂಬಳದಲ್ಲೇ ದಿನಕ್ಕೆ ಒಂದು ಗಂಟೆ ಬಂದುಹೋಗುವವನಾದ. ಮುಖ್ಯಸ್ಥ ಯಾರೆಂಬುದು ಅಲ್ಲಿಗೆ ತೀರಿತು. ಗಿಬರ್ಟಿಯನ್ನು ಮೂರ್ಖನೆನ್ನುವುದು ಮಾತ್ರ ಅನ್ಯಾಯ. ಬಾಗಿಲ ಕೆಲಸವೊಂದೇ ಅವನನ್ನು ಹಿಂಡುತ್ತಿತ್ತು. ಬತ್ತಿಸ್ತಾನ ಹೆಸರನ್ನಂತೂ ಯಾರೂ ಎತ್ತುವುದಿಲ್ಲ. ಹದಿನಾರು ವರ್ಷ ದಿನದಿನವೂ ಗಾರೆಯವರ ಜೊತೆ ಮೇಲೆ ನಿಂತವನು ಅವನು.

ತಪ್ಪು ಕಲ್ಪನೆ: ಆ ಯಂತ್ರಗಳು ಲಿಯೊನಾರ್ಡೊ ದ ವಿಂಚಿಯವು

ವಾಸ್ತವ: ಲಿಯೊನಾರ್ಡೊ ಹುಟ್ಟಿದ್ದು 1452ರಲ್ಲಿ. ಅವನ ಟಿಪ್ಪಣಿಗಳಲ್ಲಿರುವ ಹಲವು ಎತ್ತುಯಂತ್ರಗಳ ಚಿತ್ರಗಳು ಫ್ಲಾರೆನ್ಸಿನಲ್ಲಿ ಇನ್ನೂ ಇದ್ದ ಬ್ರುನೆಲೆಸ್ಕಿಯ ಯಂತ್ರಗಳನ್ನು ನೋಡಿ ಬರೆದವು. ಅವುಗಳಲ್ಲಿ ದೊಡ್ಡದನ್ನು ಎತ್ತುಗಳು ತಿರುಗಿಸುತ್ತಿದ್ದವು. ನಿಂತ ಕಂಬಕ್ಕೆ ಮೇಲೊಂದು ಕೆಳಗೊಂದು ಹಲ್ಲಿನ ಚಕ್ರ. ತಿರುಪು ತಿರುಗಿಸಿ ಕಂಬವನ್ನು ತುಸು ಏರಿಸಿದರೆ ಒಂದು ಚಕ್ರ ಕಚ್ಚುತ್ತದೆ, ಇಳಿಸಿದರೆ ಇನ್ನೊಂದು. ಎತ್ತುಗಳು ಅದೇ ದಿಕ್ಕಿನಲ್ಲಿ ಸುತ್ತುತ್ತಲೇ ಇರುತ್ತವೆ, ಹಗ್ಗ ಮಾತ್ರ ಮೇಲಕ್ಕೆ ಹೋದದ್ದು ಕೆಳಕ್ಕೆ ಬರುತ್ತದೆ. ನೊಗ ಬಿಚ್ಚಿ, ಎತ್ತು ತಿರುಗಿಸಿ, ಮತ್ತೆ ಹೂಡುವ ಹೊತ್ತು ಉಳಿಯಿತು. ಲಕ್ಷಗಟ್ಟಲೆ ಇಟ್ಟಿಗೆ ಏರಿಸಬೇಕಾದಲ್ಲಿ ಆ ಉಳಿತಾಯ ವರ್ಷಗಳಷ್ಟಾಗಿರಬೇಕು.

ತಪ್ಪು ಕಲ್ಪನೆ: ಚಿತ್ರಕಲೆಯ ಪರಿಪ್ರೇಕ್ಷ್ಯವನ್ನು ಅವನೇ ಶೂನ್ಯದಿಂದ ಕಂಡುಹಿಡಿದು ಪುಸ್ತಕ ಬರೆದ

ವಾಸ್ತವ: ಅವನು ಪುಸ್ತಕ ಬರೆಯಲಿಲ್ಲ. ಎರಡು ಹಲಗೆಗಳ ಮೇಲೆ ಊರಿನ ಎರಡು ನೋಟಗಳನ್ನು ಬರೆದ. ಎರಡೂ ಕಳೆದುಹೋಗಿವೆ. ಒಂದರಲ್ಲಿ ಚರ್ಚಿನ ಬಾಗಿಲಿನಿಂದ ಕಾಣುವ ದೀಕ್ಷಾಸ್ನಾನ ಮಂದಿರವಿತ್ತು. ಹಲಗೆಯಲ್ಲಿ ಒಂದು ತೂತು. ಹಿಂಬದಿಯಿಂದ ಅದಕ್ಕೆ ಕಣ್ಣಿಟ್ಟು, ಎದುರಿಗೆ ಹಿಡಿದ ಕನ್ನಡಿಯಲ್ಲಿ ಚಿತ್ರ ನೋಡಬೇಕು. ಆಕಾಶದ ಜಾಗದಲ್ಲಿ ಬಣ್ಣದ ಬದಲು ಹೊಳಪಿನ ಬೆಳ್ಳಿ, ಅದರಲ್ಲಿ ನಿಜವಾದ ಮೋಡಗಳು ಹಾಯುತ್ತಿದ್ದವು. ದೂರ ಹೋದಂತೆ ಗೆರೆಗಳು ಕೂಡುತ್ತವೆಂಬ ಅಂದಾಜು ಹಿಂದಿನ ಚಿತ್ರಕಾರರಿಗೂ ಇತ್ತು. ದೃಷ್ಟಿಯ ಗಣಿತವನ್ನು ಇಬ್ನ್ ಅಲ್-ಹೈತಮ್ ನಾನ್ನೂರು ವರ್ಷ ಮೊದಲೇ ಬರೆದಿದ್ದ. ಒಂದೇ ಕಣ್ಣು, ಒಂದೇ ಜಾಗ ಎಂದು ನಿಲ್ಲಿಸಿ ಚಿತ್ರವನ್ನು ಕಟ್ಟಡದ ಪಕ್ಕ ಪರೀಕ್ಷೆಗೆ ಹಿಡಿದದ್ದು ಬ್ರುನೆಲೆಸ್ಕಿ. ಅದನ್ನು ನಿಯಮವಾಗಿ ಬರೆದಿಟ್ಟವನು ಲಿಯಾನ್ ಬತ್ತಿಸ್ತಾ ಆಲ್ಬೆರ್ಟಿ, 1435ರಲ್ಲಿ. ಅದರ ಇಟಾಲಿಯನ್ ರೂಪವನ್ನು ಅವನು ಬ್ರುನೆಲೆಸ್ಕಿಗೇ ಅರ್ಪಿಸಿದ.

ತಪ್ಪು ಕಲ್ಪನೆ: ಅವನು ಮುಟ್ಟಿದ್ದೆಲ್ಲ ಗೆದ್ದಿತು

ವಾಸ್ತವ: 1421ರಲ್ಲಿ, ಅಮೃತಶಿಲೆ ಹೊತ್ತು ಆರ್ನೊ ನದಿಯಲ್ಲಿ ಮೇಲಕ್ಕೆ ಬರುವ ಹೊಸ ಬಗೆಯ ದೋಣಿಗೆ ನಗರ ಅವನಿಗೆ ಮೂರು ವರ್ಷದ ಏಕಸ್ವಾಮ್ಯ ಕೊಟ್ಟಿತು. ಪೇಟೆಂಟುಗಳ ಚರಿತ್ರೆಯಲ್ಲಿ ಇದನ್ನು ತಪ್ಪದೆ ನೆನೆಯುತ್ತಾರೆ. 1428ರಲ್ಲಿ ಆ ದೋಣಿ ಅಮೃತಶಿಲೆಯ ಸಮೇತ ನೀರುಪಾಲಾಯಿತು. 1430ರಲ್ಲಿ ಲುಕ್ಕಾ ನಗರದ ಮುತ್ತಿಗೆಯಲ್ಲಿ ಸೆರ್ಕಿಯೊ ನದಿಯನ್ನು ತಿರುಗಿಸಿ ಊರನ್ನು ಮುಳುಗಿಸಲು ಹೋದ. ನೀರು ನುಗ್ಗಿದ್ದು ಫ್ಲಾರೆನ್ಸಿನ ಪಾಳೆಯಕ್ಕೇ. 1434ರಲ್ಲಿ ಕಲ್ಲು ಮರಗೆಲಸದವರ ಸಂಘಕ್ಕೆ ವಂತಿಗೆ ಕಟ್ಟಿಲ್ಲವೆಂದು ಅವನನ್ನು ಸೆರೆಮನೆಗೆ ಹಾಕಿದರು. ಒಪೆರಾ ಮಧ್ಯೆ ಬಂದು ಬಿಡಿಸಿತು. ಅದೇ ವರ್ಷ ಅವನ ದತ್ತುಮಗ ಬುಜ್ಜಾನೊ ಹಣ, ಒಡವೆ ಎತ್ತಿಕೊಂಡು ನೇಪಲ್ಸಿಗೆ ಓಡಿಹೋದ. ಪೋಪರ ಮೂಲಕ ಅವನನ್ನು ವಾಪಸು ಕರೆಸಬೇಕಾಯಿತು. ಗುಮ್ಮಟ ಏರುತ್ತಿದ್ದದ್ದು ಇವೆಲ್ಲದರ ನಡುವೆಯೇ.

ತಪ್ಪು ಕಲ್ಪನೆ: ಪಾತ್ಸಿ ಪ್ರಾರ್ಥನಾಲಯ, ಪಿತ್ತಿ ಅರಮನೆ, ಅನಾಥಾಲಯದ ಕಂಬಸಾಲು, ಎಲ್ಲವೂ ನಾವು ನೋಡುವಂತೆಯೇ ಅವನದು

ವಾಸ್ತವ: ಪಿತ್ತಿ ಅರಮನೆ ಶುರುವಾದದ್ದೇ ಅವನು ಸತ್ತ ಮೇಲೆ. ಪಾತ್ಸಿ ಪ್ರಾರ್ಥನಾಲಯದ ಬಹುಪಾಲು ಎದ್ದದ್ದೂ ಅವನ ನಂತರ. ಎಷ್ಟು ಅವನ ಕೈ, ಎಷ್ಟು ಬೇರೆಯವರದು ಎಂಬ ವಾದ ಮುಗಿದಿಲ್ಲ. 1419ರಲ್ಲಿ ಶುರುವಾದ ಇನ್ನೊಚೆಂತಿ ಅನಾಥಾಲಯದ ಕಂಬಸಾಲು ಖಂಡಿತ ಅವನದು. ಅದನ್ನು ಕಟ್ಟಿಸಿದ್ದು ಅವನ ರೇಷ್ಮೆ ಸಂಘವೇ. ಆದರೆ ಎಲ್ಲರೂ ಫೋಟೊ ತೆಗೆಯುವ, ನೀಲಿ ಹಿನ್ನೆಲೆಯ ಬಟ್ಟೆ ಸುತ್ತಿದ ಕೂಸುಗಳ ಆ ದುಂಡು ಫಲಕಗಳನ್ನು ಆಂದ್ರೆಯಾ ದೆಲ್ಲಾ ರೊಬ್ಬಿಯಾ ಕೂರಿಸಿದ್ದು 1487ರಲ್ಲಿ. ಗುಮ್ಮಟದ ಒಳಗಿನ ದೊಡ್ಡ ಚಿತ್ರಗಳು ವಸಾರಿ ಮತ್ತು ಜುಕ್ಕಾರಿಯವು, 1570ರ ದಶಕದವು. ಚರ್ಚಿನ ಬಣ್ಣಬಣ್ಣದ ಮುಂಗೋಡೆ ಮುಗಿದದ್ದು 1887ರಲ್ಲಿ.

ತಪ್ಪು ಕಲ್ಪನೆ: ನೆತ್ತಿಯ ಮೇಲಿನ ಬಿಳಿಯ ಲ್ಯಾಂಟರ್ನ್ ಬರಿಯ ಅಲಂಕಾರ

ವಾಸ್ತವ: 1436ರಲ್ಲಿ ಗುಮ್ಮಟ ನೆತ್ತಿಯ ಉಂಗುರ ಮುಟ್ಟಿದಾಗ ಒಪೆರಾ ಲ್ಯಾಂಟರ್ನಿಗಾಗಿ, ಅಂದರೆ ನೆತ್ತಿಯ ಮೇಲೆ ಕೂರುವ ಗೋಪುರಕ್ಕಾಗಿ, ಮತ್ತೆ ಸ್ಪರ್ಧೆ ಇಟ್ಟಿತು. ಅಷ್ಟು ದೊಡ್ಡ ಕೆಲಸ ಮುಗಿಸಿದವನೂ ಮತ್ತೆ ಮಾದರಿ ಹಿಡಿದು ಸಾಲಿನಲ್ಲಿ ನಿಲ್ಲಬೇಕಾಯಿತು. ಗಿಬರ್ಟಿಯೂ ಇದ್ದ. ಗೆದ್ದದ್ದು ಬ್ರುನೆಲೆಸ್ಕಿಯ ಮಾದರಿ. ಮೊನಚು ಗುಮ್ಮಟದ ಪಕ್ಕೆಲುಬುಗಳು ಮೇಲ್ತುದಿಯಲ್ಲಿ ಎದ್ದು ತೆರೆದುಕೊಳ್ಳಲು ನೋಡುತ್ತವೆ. ನೂರಾರು ಟನ್ ಅಮೃತಶಿಲೆಯನ್ನು ಅಲ್ಲಿ ಕೂರಿಸಿದರೆ ಆ ಭಾರ ತುದಿಗಳನ್ನು ಒತ್ತಿ, ಉಂಗುರವನ್ನು ಬಿಗಿಯಾಗಿ ಇಡುತ್ತದೆ. ಅದರ ಮೊದಲ ಕಲ್ಲು ಬಿದ್ದದ್ದು 1446ರಲ್ಲಿ. ಆ ವರ್ಷದ ಏಪ್ರಿಲ್ 15ರಂದು ಬ್ರುನೆಲೆಸ್ಕಿ ತೀರಿಕೊಂಡ. ಮಿಕೆಲೊಜ್ಜೊ ಮತ್ತು ಅವನ ನಂತರದವರು ಮಾದರಿ ತಪ್ಪದಂತೆ ಕೆಲಸ ನಡೆಸಿ, 1461ರಲ್ಲಿ ಗೋಪುರ ಮುಗಿಸಿದರು. 1471ರಲ್ಲಿ ವೆರೊಕ್ಕಿಯೊ ಮಾಡಿದ ಚಿನ್ನದ ಲೇಪದ ತಾಮ್ರದ ಗುಂಡು ಅದರ ಮೇಲೇರಿತು.